ಅಟ್ಟದ ಕಾಯಿ, ಬೋರ್ಡಿನ ಕಾರ್ಡು

ಕೊನೆ ವರ್ಷದ ಪ್ರಾಜೆಕ್ಟ್ ಶುರುವಾಯ್ತು ಅಂದ್ರೆ ನಮ್ಮ ಕ್ಯಾಂಪಸ್ಸಲ್ಲಿ ಮೂರು ಕೆಲಸ ತಪ್ಪದೇ ನಡೆಯುತ್ತವೆ. ಮೊದಲು ವಾಟ್ಸಾಪ್ ಗ್ರೂಪ್. ಆಮೇಲೆ ಗಿಟ್‌ಹಬ್‌ನಲ್ಲಿ ಒಂದು ಖಾಲಿ ರೆಪೊ. ಮೂರನೆಯದು ಟ್ರೆಲ್ಲೊ ಅಥವಾ ಜಿರಾದಲ್ಲಿ ಒಂದು ಬೋರ್ಡು. ಎಡಗಡೆ ‘ಮಾಡಬೇಕಾದ್ದು’, ನಡುವೆ ‘ನಡೀತಿರೋದು’, ಬಲಗಡೆ ‘ಮುಗಿದದ್ದು’. ಮೊದಲ ವಾರ ಎಲ್ಲರೂ ಹುರುಪಿನಲ್ಲಿ ನಲವತ್ತು ಕಾರ್ಡು ಬರೆದು ಹಾಕ್ತಾರೆ, ಹಸಿರು ಕೆಂಪು ಲೇಬಲ್ ಹಚ್ತಾರೆ. ಅದಾದ ಮೇಲೆ ಆ ಕಡೆ ಯಾರೂ ತಲೆ ಹಾಕಲ್ಲ. ರಿವ್ಯೂ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಗ್ರೂಪಲ್ಲಿ ಮೆಸೇಜ್ ಬರುತ್ತೆ: "ಮಗಾ, ಬೋರ್ಡ್ ಅಪ್‌ಡೇಟ್ ಮಾಡ್ರೋ, ನಾಳೆ ಸರ್ ಕೇಳ್ತಾರೆ." ಹತ್ತು ನಿಮಿಷದಲ್ಲಿ ಇಪ್ಪತ್ತೈದು ಕಾರ್ಡು ಎಡದಿಂದ ಬಲಕ್ಕೆ ಹಾರಿ ಕೂರುತ್ತವೆ. ಸ್ಕ್ರೀನ್‌ಶಾಟ್ ರಿಪೋರ್ಟಿಗೆ ಸೇರುತ್ತೆ.

ಇದರಲ್ಲಿ ಟ್ರೆಲ್ಲೊದ ತಪ್ಪೇನೂ ಇಲ್ಲ. ಆದರೆ ಇದೇ ಅಭ್ಯಾಸ ಹೊತ್ತುಕೊಂಡು ನಾಳೆ ಬೆಂಗಳೂರಿನ ಕಂಪನಿಗೆ ಹೋಗ್ತೀವಲ್ಲ, ನನ್ನ ತಕರಾರು ಅದರ ಬಗ್ಗೆ. ಕೆಲಸ ಸಿಕ್ಕ ಮೊದಲ ದಿನಗಳಲ್ಲೇ ನಮ್ಮ ಕೈಗೆ ಬರೋದು ಇಂಥದ್ದೇ ಒಂದು ತಂತ್ರಾಂಶದ ಲಾಗಿನ್. ಆಗ ಗೊತ್ತಿರಬೇಕಾದ್ದು ಯಾವ ಬಟನ್ ಎಲ್ಲಿದೆ ಅನ್ನೋದಲ್ಲ. ಅದನ್ನ ಎರಡು ದಿನದಲ್ಲಿ ಕಲೀಬಹುದು. ಬೋರ್ಡು ಯಾತಕ್ಕೆ ಇದೆ ಅನ್ನೋದು ಗೊತ್ತಿರಬೇಕು. ಕೆಲಸ ಎಲ್ಲಿ ನಿಂತಿದೆ, ಎಷ್ಟು ದಿನದಿಂದ ನಿಂತಿದೆ ಅಂತ ತಂಡದ ಎಲ್ಲರಿಗೂ ಕಾಣೋ ಹಾಗೆ ಮಾಡೋದೇ ಬೋರ್ಡಿನ ಕೆಲಸ ಅಂತ ನಾನು ನಂಬ್ತೀನಿ. ಯಾರು ಎಷ್ಟು ದುಡಿದರು ಅಂತ ತೋರಿಸೋಕೆ ಅದನ್ನ ಬಳಸಿದ ದಿನದಿಂದಲೇ ಅದು ಸುಳ್ಳು ಹೇಳೋಕೆ ಶುರು ಮಾಡುತ್ತೆ.

ಈ ಬೋರ್ಡುಗಳು ಬಂದ ದಾರಿ ಮೊದಲು ನೋಡೋಣ. ಜಿರಾ ಬಂದದ್ದು 2002ರಲ್ಲಿ, ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯಿಂದ. ಗಾಡ್ಜಿಲ್ಲಾದ ಜಪಾನಿ ಹೆಸರು ಗೊಜಿರಾ. ಅದರ ಬಾಲವೇ ಜಿರಾ. ಬಗ್‌ಗಳ ಲೆಕ್ಕ ಇಡೋಕೆ ಹುಟ್ಟಿದ್ದು, ಆಮೇಲೆ ಇಡೀ ತಂಡದ ಕೆಲಸದ ಪಟ್ಟಿಯಾಯಿತು. ಟ್ರೆಲ್ಲೊ 2011ರಲ್ಲಿ ಬಂತು. 2017ರಲ್ಲಿ ಅದನ್ನೂ ಅಟ್ಲಾಸಿಯನ್ನೇ ಕೊಂಡುಕೊಂಡಿತು. ಆದರೆ ಕಾರ್ಡು ಮತ್ತು ಕಾಲಮ್ಮಿನ ಯೋಚನೆ ಕಂಪ್ಯೂಟರಿನವರದ್ದಲ್ಲ. ಅದು ಜಪಾನಿನ ಟೊಯೋಟಾ ಕಾರ್ಖಾನೆಯದು. ಅಲ್ಲಿ ತೈಚಿ ಓನೊ ಎಂಬ ಎಂಜಿನಿಯರ್ ಅಮೆರಿಕದ ಸೂಪರ್ ಮಾರ್ಕೆಟ್ಟಿನಿಂದ ಒಂದು ಉಪಾಯ ತೆಗೆದುಕೊಂಡ. ಗಿರಾಕಿ ಎಷ್ಟು ತೆಗೆದುಕೊಂಡನೋ ಅಷ್ಟನ್ನೇ ಮತ್ತೆ ಕಪಾಟಿಗೆ ತುಂಬೋದು. ಹಾಗೇ ಕಾರ್ಖಾನೆಯಲ್ಲೂ ಮುಂದಿನ ಹಂತದವರು ಕಾರ್ಡು ಕಳಿಸಿ ಕೇಳಿದಾಗ ಮಾತ್ರ ಹಿಂದಿನ ಹಂತದವರು ಬಿಡಿಭಾಗ ಮಾಡಬೇಕು. ಆ ಕಾರ್ಡಿನ ಹೆಸರು ಕಾನ್‌ಬಾನ್, ಅಂದ್ರೆ ಫಲಕ. ನಮ್ಮ ತಿಪಟೂರಿನಿಂದ ಬೆಂಗಳೂರು ದಾಟಿ ಮೈಸೂರು ರಸ್ತೆ ಹಿಡಿದರೆ ಬಿಡದಿಯಲ್ಲಿ ಅದೇ ಟೊಯೋಟಾದ ಕಾರ್ಖಾನೆ ಇದೆ.

ಹಾಗಾಗಿ ‘ನಡೀತಿರೋದು’ ಅನ್ನೋ ನಡುವಿನ ಕಾಲಮ್ಮೇ ಈ ಪದ್ಧತಿಯ ಜೀವ. ಅರ್ಧ ಆದ ಕೆಲಸ ಎಷ್ಟು ಬಿದ್ದಿದೆ ಅಂತ ತೋರಿಸಿ, ಅದನ್ನ ಕಡಿಮೆ ಮಾಡೋದಕ್ಕೇ ಕಾನ್‌ಬಾನ್ ಹುಟ್ಟಿದ್ದು. ನಾವು ಬೋರ್ಡನ್ನ ತಂದುಕೊಂಡ್ವಿ, ಈ ಮಾತನ್ನ ಅಲ್ಲೇ ಬಿಟ್ಟು ಬಂದ್ವಿ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ನಾವು ಜಪಾನಿಗೆ ಹೋಗಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಮನೆಗಳ ಹುಡುಗರು ಹುಡುಗಿಯರು ನಮ್ಮ ಕ್ಲಾಸಲ್ಲಿ ಎಷ್ಟೋ ಜನ ಇದ್ದೀವಿ. ಉಂಡೆ ಕೊಬ್ಬರಿ ಹೇಗಾಗುತ್ತೆ ಅಂತ ಒಮ್ಮೆ ಎಂಜಿನಿಯರ್ ಕಣ್ಣಿಂದ ನೋಡಿ. ಪೂರ್ತಿ ಬಲಿತ ಕಾಯಿ ಕೀಳ್ತಾರೆ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸ್ತಾರೆ. ಅಲ್ಲಿ ಎಂಟರಿಂದ ಹನ್ನೆರಡು ತಿಂಗಳು. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತೆ. ಅಲ್ಲಾಡಿಸಿದ್ರೆ ಲೊಡಲೊಡ ಅನ್ನುತ್ತೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಹಾಳಾಗದ ಹಾಗೆ ತೆಗೆದು, ದಪ್ಪ ಸಣ್ಣದು ಬೇರ್ಪಡಿಸಿ, ಚೀಲ ಕಟ್ಟಿ ಮಾರುಕಟ್ಟೆಗೆ.

ಇದನ್ನ ಬೋರ್ಡಿಗೆ ಹಾಕಿದ್ರೆ ಐದಾರು ಕಾಲಮ್ಮು. ಕೀಳೋದು, ಸುಲಿಯೋದು, ಒಡೆಯೋದು ಎಲ್ಲಾ ದಿನಗಳ ಲೆಕ್ಕ. ಉಳಿದ ಸಮಯವೆಲ್ಲ ಕಾಯಿ ಅಟ್ಟದ ಮೇಲೆ ಕಾಯ್ತಾ ಕೂತಿರುತ್ತೆ. ಒಂದು ಕೊಬ್ಬರಿಯ ಆಯಸ್ಸಿನಲ್ಲಿ ಮನುಷ್ಯರ ಕೈ ಅದರ ಮೇಲೆ ಇರೋದು ಕೆಲವೇ ನಿಮಿಷ.

ಸಾಫ್ಟ್‌ವೇರ್ ತಂಡದ ಒಂದು ಫೀಚರ್ ಕೂಡ ಹೀಗೇ. ಕೋಡ್ ಬರೆಯೋಕೆ ಎರಡು ದಿನ. ಅದನ್ನ ಇನ್ನೊಬ್ಬರು ಓದಿ ಸರಿ ಅನ್ನೋಕೆ ನಾಲ್ಕು ದಿನ ಕಾಯಬೇಕು. ಟೆಸ್ಟಿಂಗ್‌ನವರ ಕೈಗೆ ಬರೋಕೆ ಇನ್ನೊಂದು ವಾರ. ಡಿಸೈನರ್ ಉತ್ತರ ಕೊಡೋ ತನಕ ಇನ್ನಷ್ಟು. ನಮ್ಮ ಪ್ರಾಜೆಕ್ಟಲ್ಲೂ ಅಷ್ಟೇ: ಸೆನ್ಸರ್ ಆರ್ಡರ್ ಮಾಡಿ ಅದು ಬರೋ ತನಕ, ಗೈಡ್ ಸಿಗ್ನೇಚರ್ ಹಾಕೋ ತನಕ, ಡೇಟಾಬೇಸ್ ಮಾಡೋ ಗೆಳೆಯ ಊರಿಂದ ವಾಪಸ್ ಬರೋ ತನಕ. ಕೆಲಸ ತಡ ಆಗೋದು ಯಾರೋ ನಿಧಾನಕ್ಕೆ ಟೈಪ್ ಮಾಡಿದ್ದರಿಂದ ಅಲ್ಲ, ಎರಡು ಕೈಗಳ ನಡುವೆ ಕೂತಿದ್ದರಿಂದ. ‘ನಡೀತಿರೋದು’ ಅಂತ ಒಂದೇ ಕಾಲಮ್ಮು ಇಟ್ಟರೆ ಈ ಕಾಯೋದು ಕಾಣೋದೇ ಇಲ್ಲ. ‘ರಿವ್ಯೂಗೆ ಕಾಯ್ತಿದೆ’, ‘ಪಾರ್ಟ್ ಬರಬೇಕು’ ಅಂತ ಬೇರೆ ಕಾಲಮ್ಮು ಮಾಡಿದ ತಕ್ಷಣ ಎಲ್ಲಿ ಗಂಟು ಬಿದ್ದಿದೆ ಅಂತ ಗೊತ್ತಾಗುತ್ತೆ.

ಇದರ ಹಿಂದೆ ಸುಲಭದ ಒಂದು ಗಣಿತ ಇದೆ. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ್ದರಿಂದ ಲಿಟಲ್ ನಿಯಮ ಅಂತ ಹೆಸರು. ಒಳಗೆ ಇರೋ ಕೆಲಸದ ಸರಾಸರಿ ಸಂಖ್ಯೆ = ಬರೋ ವೇಗ × ಒಂದೊಂದು ಒಳಗೆ ಇರೋ ಸರಾಸರಿ ಸಮಯ. ತಿಂಗಳಿಗೆ 2,000 ಕಾಯಿ ಅಟ್ಟಕ್ಕೆ ಹೋಗಿ, ಒಂದೊಂದು ಕಾಯಿ 10 ತಿಂಗಳು ಇರೋದಾದ್ರೆ ಅಟ್ಟದಲ್ಲಿ ಸದಾ 20,000 ಕಾಯಿ ಇರುತ್ತೆ. ಅಟ್ಟ ಕಟ್ಟೋರು ಸೂತ್ರ ಗೊತ್ತಿಲ್ಲದೇನೇ ಈ ಲೆಕ್ಕ ಹಾಕ್ತಾರೆ. ಇದನ್ನ ನಿಮ್ಮ ಬೋರ್ಡಿಗೆ ಹಾಕಿ. ತಂಡ ವಾರಕ್ಕೆ ನಿಜವಾಗಿ 3 ಕಾರ್ಡು ಮುಗಿಸುತ್ತೆ, ನಡುವಿನ ಕಾಲಮ್ಮಲ್ಲಿ 12 ಕಾರ್ಡು ಇದೆ ಅಂದ್ರೆ ಇವತ್ತು ಶುರು ಮಾಡಿದ ಕೆಲಸ ಮುಗಿಯೋಕೆ ಸರಾಸರಿ 4 ವಾರ. ಅದೇ ವೇಗದಲ್ಲಿ 6 ಕಾರ್ಡು ಮಾತ್ರ ಕೈಯಲ್ಲಿ ಇಟ್ಕೊಂಡ್ರೆ 2 ವಾರ. ರಾತ್ರಿ ಪೂರ್ತಿ ಎದ್ದು ಕೂರದೇನೇ ಅರ್ಧ ಸಮಯ ಉಳೀತು. ‘ನಡೀತಿರೋದು’ ಕಾಲಮ್ಮಿಗೆ ಒಂದು ಮಿತಿ ಹಾಕಿ ಅಂತ ಕಾನ್‌ಬಾನ್ ಹೇಳೋದು ಇದಕ್ಕೇ.

"ಎಲ್ಲಾನೂ ಶುರು ಮಾಡಿದೀವಿ ಸರ್" ಅನ್ನೋದನ್ನ ನಾವು ಹೆಮ್ಮೆಯಿಂದ ಹೇಳ್ತೀವಿ. ಆ ಹೆಮ್ಮೆಗೆ ಅರ್ಥ ಇಲ್ಲ ಅಂತ ತೆಂಗು ಬೆಳೆಯೋರಿಗೆ ಗೊತ್ತು. ಅಟ್ಟದಲ್ಲಿರೋ ಕಾಯಿ ಇನ್ನೂ ದುಡ್ಡಲ್ಲ. ಕಿತ್ತ ಕೂಲಿ, ಸಾಗಿಸಿದ ಖರ್ಚು ಎಲ್ಲಾ ಅದರಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ. ಅದು ಇಳಿಯೋ ಹೊತ್ತಿಗೆ ದರ ಏನಾಗಿರುತ್ತೋ ಯಾರಿಗೂ ಗೊತ್ತಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ಬಿದ್ದಿತ್ತು. ಹಿಂದಿನ ವರ್ಷ ಒಳ್ಳೆ ದರ ನೋಡಿ ಅಟ್ಟ ತುಂಬಿಸಿದವರು ಇಳಿಸುವಾಗ ಕಂಡಿದ್ದು ಅದು. 2025ರಲ್ಲಿ ಅದೇ ದರ 25,000 ದಾಟಿತು. ಹತ್ತು ತಿಂಗಳು ಮುಗಿಯದ ಕೆಲಸ ಇಟ್ಟುಕೊಂಡವರು ಅಷ್ಟು ದಿನವೂ ಬೇರೆಯವರ ಕೈಯಲ್ಲಿರೋ ದರಕ್ಕೆ ತಲೆ ಕೊಟ್ಟಿರ್ತಾರೆ.

ಇಲ್ಲಿ ಒಂದು ವ್ಯತ್ಯಾಸ ಇದೆ, ಅದು ನಮ್ಮ ಪರವಾಗಿಲ್ಲ. ಕಾಯಿ ಅಟ್ಟದಲ್ಲಿ ಸುಮ್ಮನೆ ಇದ್ದರೂ ಕೊಬ್ಬರಿ ಆಗುತ್ತೆ. ಕಾಯೋದೇ ಅಲ್ಲಿ ಕೆಲಸ. ಕೋಡ್ ಹಾಗಲ್ಲ. ಅರ್ಧ ಬರೆದು ಬಿಟ್ಟ ಕೋಡ್ ಮೂರು ವಾರ ಇಟ್ರೆ ಕೌಟು ಹಿಡಿದ ಕೊಬ್ಬರಿ ತರ ಆಗುತ್ತೆ. ಅಷ್ಟರಲ್ಲಿ ಬೇರೆಯವರು ಫೈಲ್ ಬದಲಾಯಿಸಿರ್ತಾರೆ, ಮರ್ಜ್ ಮಾಡೋಕೆ ಹೋದ್ರೆ ಜಗಳ, ಬರೆದವನಿಗೇ ಏನು ಬರೆದೆ ಅಂತ ನೆನಪಿರಲ್ಲ. ರೈತರಿಗೆ ಅಟ್ಟ ಬೇಕೇ ಬೇಕು. ನಮಗೆ ಅಷ್ಟು ದೊಡ್ಡ ಅಟ್ಟ ಬೇಡ.

ಈಗ ತಿಪಟೂರಿನ ಎಪಿಎಂಸಿಗೆ ಬನ್ನಿ. ಕೆಲಸ ನಿರ್ವಹಣೆಯ ತಂತ್ರಾಂಶ ಅಂದ್ರೆ ಬೆಂಗಳೂರಿನ ಗಾಜಿನ ಕಟ್ಟಡದ್ದು ಅಂತ ನಾವು ಅಂದ್ಕೊಂಡಿದ್ದೀವಿ. ನಮ್ಮ ಕೊಬ್ಬರಿ ಮಾರುಕಟ್ಟೆಯ ಇ-ಟೆಂಡರ್ ಕೂಡ ಅದೇ ಜಾತಿಯದು. ರಾಜ್ಯ ಸರ್ಕಾರ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಕೇಂದ್ರದ ಇ-ನಾಮ್ ಬಂದಿದ್ದು ಅದಾದ ಮೇಲೆ, 2016ರಲ್ಲಿ. ಮಾಲು ಒಳಗೆ ಬಂದಾಗ ನೋಂದಣಿ, ರಾಶಿಗೊಂದು ಲಾಟ್ ನಂಬರ್. ವರ್ತಕರು ಆ ನಂಬರಿಗೆ ಕಂಪ್ಯೂಟರಿನಲ್ಲಿ ದರ ಹಾಕ್ತಾರೆ. ಸಮಯ ಮುಗಿದ ಮೇಲೆ ಹೆಚ್ಚು ಹಾಕಿದವರು ಯಾರು ಅಂತ ಘೋಷಣೆ. ರೈತರು ಒಪ್ಪಿದ್ರೆ ತೂಕ, ಆಮೇಲೆ ಬಿಲ್ಲು, ಹಣ. ಒಪ್ಪದಿದ್ರೆ ಮಾಲು ಅವರದ್ದೇ.

ಜಿರಾದ ಟಿಕೆಟ್ ನಂಬರ್ರು, ಎಪಿಎಂಸಿಯ ಲಾಟ್ ನಂಬರ್ರು, ಎರಡೂ ಒಂದೇ ಯೋಚನೆ. ಆದರೆ ಲಾಟ್ ನಂಬರಿನಿಂದ ನಾವು ಎರಡು ವಿಷಯ ಕಲೀಬೇಕು.

ಒಂದು, ಹಂತ ಬದಲಾಗಬೇಕಾದ್ರೆ ಹೊರಗೆ ಏನಾದ್ರೂ ಆಗಿರಲೇಬೇಕು. ತಕ್ಕಡಿ ಮೇಲೆ ಚೀಲ ಏರದೆ ‘ತೂಕ ಆಯ್ತು’ ಅಂತ ಬರೆಯೋಕಾಗಲ್ಲ. ನಮ್ಮ ‘ಮುಗಿದದ್ದು’ ಕಾಲಮ್ಮಿಗೆ ಅಂಥ ತಕ್ಕಡಿ ಇಲ್ಲ. ಒಬ್ಬನಿಗೆ ಮುಗಿಯೋದು ಅಂದ್ರೆ ಅವನ ಲ್ಯಾಪ್‌ಟಾಪಲ್ಲಿ ಓಡೋದು. ಇನ್ನೊಬ್ಬಳಿಗೆ ಮೇನ್ ಬ್ರಾಂಚಿಗೆ ಸೇರೋದು. ಮತ್ತೊಬ್ಬನಿಗೆ ಯೂಟ್ಯೂಬ್ ವಿಡಿಯೊ ನೋಡಿ ಅರ್ಥ ಆಗೋದು! ಕಂಪನಿಗಳಲ್ಲಿ ಒಳ್ಳೆ ತಂಡಗಳು ‘ಮುಗಿದಿದೆ ಅಂದ್ರೆ ಏನು’ ಅಂತ ಮೊದಲೇ ಬರೆದಿಟ್ಟುಕೊಳ್ತವೆ. ನಾಲ್ಕು ಜನರ ಪ್ರಾಜೆಕ್ಟಿಗೆ ಒಂದೇ ಸಾಲು ಸಾಕು: ಬರೆದವನಲ್ಲದ ಇನ್ನೊಬ್ಬರು ತಮ್ಮ ಲ್ಯಾಪ್‌ಟಾಪಲ್ಲಿ ಓಡಿಸಿ ನೋಡಿದ್ರೆ ಮಾತ್ರ ಮುಗೀತು.

ಎರಡು, ಇ-ಟೆಂಡರ್ ದರವನ್ನ ಹೆಚ್ಚಿಸೋ ಮಂತ್ರ ಅಲ್ಲ. 2023ರಲ್ಲಿ ದರ ಬಿದ್ದಾಗ ಅದು ಬಿದ್ದ ದರವನ್ನೇ ತೋರಿಸ್ತು. ಆದರೆ ರೈತರು ಬೆಂಬಲ ಬೆಲೆಯಲ್ಲಿ ಖರೀದಿ ಮಾಡಿ ಅಂತ ಬೀದಿಗೆ ಇಳಿದಾಗ ಬೆಂಬಲ ಬೆಲೆ ಇಷ್ಟು, ಇವತ್ತಿನ ದರ ಇಷ್ಟು ಅನ್ನೋ ಲೆಕ್ಕ ಎಲ್ಲರ ಎದುರೂ ಇತ್ತು. ಬೋರ್ಡಿಂದ ಅಷ್ಟನ್ನೇ ಕೇಳಬೇಕು. ಅದು ಪ್ರಾಜೆಕ್ಟನ್ನ ಮುಗಿಸಿಕೊಡಲ್ಲ. ಕೆಟ್ಟ ಸುದ್ದಿಯನ್ನ ಬೇಗ, ಎಲ್ಲರಿಗೂ ಒಂದೇ ತರ ತೋರಿಸುತ್ತೆ. ಕೆಟ್ಟ ಸುದ್ದಿ ತೋರಿಸಿದ್ದಕ್ಕೆ ಅಂಕ ಹೋಗುತ್ತೆ ಅಂತಾದ್ರೆ ಯಾರು ತೋರಿಸ್ತಾರೆ?

ಇದೇ ನನ್ನ ಮುಖ್ಯ ತಕರಾರು. ಬೋರ್ಡಿನಲ್ಲಿ ಯಾರ ಹೆಸರಲ್ಲಿ ಎಷ್ಟು ಕಾರ್ಡು ಅಂತ ಎಣಿಸಿ ಅಂಕ ಕೊಡೋದು, ಕಂಪನಿಯಲ್ಲಿ ಟಿಕೆಟ್ ಎಣಿಸಿ ಅಪ್ರೈಸಲ್ ಮಾಡೋದು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು ಈಗ ಎಲ್ಲಾ ಕಡೆ ಅನ್ವಯ ಆಗುತ್ತೆ: ಯಾವುದನ್ನ ಅಳತೆಗೋಲು ಮಾಡಿ ಅದನ್ನೇ ಗುರಿ ಅಂತೀರೋ, ಅದು ಅಳತೆಗೋಲಾಗಿ ಉಳಿಯಲ್ಲ. ಟಿಕೆಟ್ ಎಣಿಸ್ತೀವಿ ಅಂದ್ರೆ ಒಂದು ಕೆಲಸ ಐದು ಟಿಕೆಟ್ ಆಗುತ್ತೆ. ‘ಬಟನ್ ಬಣ್ಣ ಬದಲಾಯಿಸಿದ್ದು’ ಒಂದು, ‘ಬಟನ್ ಸೈಜ್ ಬದಲಾಯಿಸಿದ್ದು’ ಇನ್ನೊಂದು. ಮೂರು ದಿನ ಒದ್ದಾಡಿ ಒಂದು ಕಷ್ಟದ ಬಗ್ ಹಿಡಿದವಳ ಹೆಸರಲ್ಲಿ ಒಂದೇ ಕಾರ್ಡು.

ಕೊಬ್ಬರಿಯಲ್ಲೂ ಎಣಿಕೆ ಇದೆ ಅಂತ ಯಾರಾದ್ರೂ ಹೇಳಬಹುದು. ಹೌದು, ಕಾಯಿ ಸುಲಿಯೋರಿಗೆ ಎಣಿಸಿ ಕೂಲಿ ಕೊಡ್ತಾರೆ. ಒಂದು ಕಾಯಿ ಸುಲಿಯೋದಕ್ಕೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಅದಕ್ಕೇ ಅಲ್ಲಿ ಎಣಿಕೆ ನಡೆಯುತ್ತೆ. ಚಿಪ್ಪು ಒಡೆಯೋ ಹಂತಕ್ಕೆ ಬಂದಾಗ ಬರೀ ಎಣಿಕೆ ಸಾಕಾಗಲ್ಲ. ಅವಸರಕ್ಕೆ ಉಂಡೆ ಒಡೆದು ಹೋಳಾದ್ರೆ ಅದಕ್ಕೆ ಉಂಡೆಯ ಬೆಲೆ ಸಿಗಲ್ಲ. ಸಾಫ್ಟ್‌ವೇರ್ ಕೆಲಸ ಪೂರ್ತಿ ಈ ಎರಡನೇ ಜಾತಿಯದು. ಅಲ್ಲಿ ಸುಲಿಯೋ ಲೆಕ್ಕ ಹಾಕಿದ್ರೆ ಕೈಗೆ ಹೋಳೇ ಬರೋದು.

"ಹಾಗಾದ್ರೆ ಕೆಲಸ ಮಾಡದೇ ಇರೋರನ್ನ ಹಿಡಿಯೋದು ಹೇಗೆ?" ಇದು ನ್ಯಾಯವಾದ ಪ್ರಶ್ನೆ. ಒಬ್ಬಳು ಮಾಡ್ತಾಳೆ, ನಾಲ್ಕು ಜನಕ್ಕೆ ಅಂಕ ಬರುತ್ತೆ. ಈ ಸಂಕಟ ಪ್ರತಿ ಬ್ಯಾಚಲ್ಲೂ ಇದೆ, ನಾನದನ್ನ ತಳ್ಳಿಹಾಕಲ್ಲ. ಆದರೆ ಯೋಚಿಸಿ: ಕಾರ್ಡಿನ ಎಣಿಕೆಗೆ ಅಂಕ ಅಂತಾದ್ರೆ ಗೆಲ್ಲೋದು ಯಾರು? ಕೋಡ್ ಬರೆಯೋಕೆ ಪುರುಸೊತ್ತಿಲ್ಲದವಳಲ್ಲ, ಕಾರ್ಡು ಎಳೆಯೋಕೆ ಪುರುಸೊತ್ತು ಇರೋನು. ಅದೇ ಬೋರ್ಡು ನಿಜ ಹೇಳ್ತಿದ್ರೆ, ಒಂದು ಕಾರ್ಡು ಒಬ್ಬನ ಹೆಸರಲ್ಲಿ ಹದಿನೈದು ದಿನದಿಂದ ಅಲ್ಲಾಡಿಲ್ಲ ಅಂತ ಮೂರನೇ ವಾರದಲ್ಲೇ ತಂಡಕ್ಕೆ ಕಾಣುತ್ತೆ. ಆಗ ಕೂತು ಕೇಳಬಹುದು: "ಏನಾಯ್ತೋ, ಬರ್ತಿಲ್ವಾ? ಬೇರೆಯವರು ಸೇರಿಕೊಳ್ಳಲಾ?" ಎಷ್ಟೋ ಸಲ ಸೋಮಾರಿತನ ಅಂತ ಕಾಣೋದರ ಹಿಂದೆ ಅರ್ಥ ಆಗದೇ ಇರೋದು, ಕೇಳೋಕೆ ನಾಚಿಕೆ ಇರುತ್ತೆ. ನಿಜವಾದ ಸೋಮಾರಿತನವೇ ಆದ್ರೂ ಗೈಡಿಗೆ ಹೇಳೋಕೆ ಸಮಯ ಇರುತ್ತೆ. ರಿವ್ಯೂ ಹಿಂದಿನ ರಾತ್ರಿ ಗೊತ್ತಾದ್ರೆ ಬರೀ ಜಗಳಕ್ಕೆ ಸಮಯ ಇರೋದು.

ಇನ್ನು ಕೆಲವರದ್ದು, "ನಾಲ್ಕು ಜನಕ್ಕೆ ಇದೆಲ್ಲಾ ಯಾಕೆ, ವಾಟ್ಸಾಪ್ ಸಾಕು" ಅನ್ನೋ ಮಾತು. ವಾಟ್ಸಾಪಲ್ಲಿ ಮಂಗಳವಾರ ಒಪ್ಪಿಕೊಂಡ ಕೆಲಸ ಗುರುವಾರದ ಹೊತ್ತಿಗೆ ಮೀಮ್‌ಗಳ ಕೆಳಗೆ ಹೂತು ಹೋಗಿರುತ್ತೆ. ಆದರೂ ಈ ಮಾತಲ್ಲಿ ಅರ್ಧ ಸತ್ಯ ಇದೆ. ನಾಲ್ಕು ಜನಕ್ಕೆ ಜಿರಾದ ನೂರೆಂಟು ಸೆಟ್ಟಿಂಗ್ ಬೇಡ. ಹಾಸ್ಟೆಲ್ ಗೋಡೆ ಮೇಲೆ ಕ್ಯಾಲೆಂಡರ್ ಹಿಂಬದಿ ಅಂಟಿಸಿ, ಚೀಟಿ ಹಚ್ಚಿದ್ರೂ ನಡೆಯುತ್ತೆ. ಟೊಯೋಟಾದ ಕಾನ್‌ಬಾನ್ ಕೂಡ ಮೊದಲಿಗೆ ಕಾಗದದ ಚೀಟಿಯೇ ಆಗಿತ್ತು. ತಂಡದ ಜನ ಬೇರೆ ಬೇರೆ ಊರಲ್ಲಿ ಇದ್ದಾಗ, ಹತ್ತಾರು ತಂಡ ಒಂದೇ ಪ್ರಾಡಕ್ಟ್ ಮಾಡುವಾಗ ತಂತ್ರಾಂಶ ಬೇಕೇ ಬೇಕು.

ಕನ್ನಡ ಸಂಘದ ಪತ್ರಿಕೆ ಅಂತ ಇನ್ನೊಂದು ಮಾತು. ಕಾರ್ಡನ್ನ ಕನ್ನಡದಲ್ಲಿ ಬರೀರಿ. ಅಭಿಮಾನಕ್ಕೆ ಅಂತ ಹೇಳ್ತಿಲ್ಲ. ನಮ್ಮ ಬೋರ್ಡುಗಳಲ್ಲಿ ಇಂಗ್ಲಿಷಿನಲ್ಲಿ ‘ಬ್ಯಾಕೆಂಡ್ ವರ್ಕ್’, ‘ಮಾಡೆಲ್ ಇಂಪ್ರೂವ್‌ಮೆಂಟ್’ ಅಂತ ಇರುತ್ತೆ. ಅದು ಯಾವತ್ತು ಮುಗಿಯುತ್ತೆ? ಯಾವತ್ತೂ ಇಲ್ಲ. ಕನ್ನಡದಲ್ಲಿ ಬರೆಯೋಕೆ ಕೂತ್ರೆ ಎರಡೇ ಪದದಲ್ಲಿ ತಪ್ಪಿಸಿಕೊಳ್ಳೋಕೆ ಆಗಲ್ಲ, ವಾಕ್ಯ ಬರೀಬೇಕಾಗುತ್ತೆ: ‘ತಪ್ಪು ಪಾಸ್‌ವರ್ಡ್ ಹಾಕಿದ್ರೆ ಕೆಂಪು ಅಕ್ಷರದಲ್ಲಿ ಮೆಸೇಜ್ ಬರಬೇಕು.’ ಇದು ಆಗಿದೆಯಾ ಇಲ್ವಾ ಅಂತ ಯಾರು ಬೇಕಾದ್ರೂ ನೋಡಿ ಹೇಳಬಹುದು. ಅರ್ಥ ಆಗದೇ ಇದ್ರೆ ಅದು ಬರೆಯುವಾಗಲೇ ಗೊತ್ತಾಗುತ್ತೆ, ಕೋಡ್ ಬರೆದ ಮೇಲಲ್ಲ. ನಾಳೆ ಕಂಪನಿಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕಾಗಬಹುದು. ಆದರೆ ವಾಕ್ಯದಲ್ಲಿ ಯೋಚನೆ ಮಾಡೋ ಅಭ್ಯಾಸ ಅಲ್ಲಿಗೂ ಬರುತ್ತೆ.

ಹಾಗಾಗಿ ಈ ಸೆಮಿಸ್ಟರ್ ಪ್ರಾಜೆಕ್ಟ್ ಶುರು ಮಾಡೋ ತಂಡಗಳಿಗೆ ನನ್ನ ಸಲಹೆ ಇಷ್ಟು. ಕಾಲಮ್ಮು ಐದಕ್ಕಿಂತ ಹೆಚ್ಚು ಬೇಡ, ಅದರಲ್ಲಿ ಒಂದು ‘ಕಾಯ್ತಿದೆ’ ಅಂತ ಇರಲಿ, ಯಾರಿಗೆ ಅಥವಾ ಯಾವುದಕ್ಕೆ ಅಂತ ಕಾರ್ಡಲ್ಲಿ ಬರೀರಿ. ಒಬ್ಬರ ಕೈಯಲ್ಲಿ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಕಾರ್ಡು ಬೇಡ. ಮೂರನೇದು ಬೇಕು ಅಂದ್ರೆ ಮೊದಲು ಒಂದನ್ನ ಮುಗಿಸಿ, ಇಲ್ಲಾ ಇನ್ನೊಬ್ಬರದ್ದನ್ನ ಮುಗಿಸೋಕೆ ಸಹಾಯ ಮಾಡಿ. ‘ಮುಗಿದದ್ದು’ ಕಾಲಮ್ಮಿಗೆ ಕಾರ್ಡು ಎಳೆಯೋದು ಅದನ್ನ ಮಾಡಿದವರಲ್ಲ, ಪರೀಕ್ಷೆ ಮಾಡಿದವರು. ಉಳಿದ ಪಟ್ಟಿಗೆ ಬ್ಯಾಕ್‌ಲಾಗ್ ಅಂತಾರೆ. ಆ ಪದ ಕೇಳಿದ್ರೆ ನಮಗೆ ಎಂ-3 ನೆನಪಾಗಿ ಮೈ ಬೆವರುತ್ತೆ, ಆದರೆ ಇಲ್ಲಿ ಬ್ಯಾಕ್‌ಲಾಗ್ ಇರೋದು ಅವಮಾನ ಅಲ್ಲ. ಮಾಡೋಕಾಗದೇ ಇರೋದನ್ನ ಅಲ್ಲಿಂದ ಅಳಿಸಿ ಹಾಕೋ ಧೈರ್ಯ ಮಾತ್ರ ಬೇಕು.

ಗುರುಗಳಲ್ಲೂ ಒಂದು ವಿನಂತಿ. ರಿವ್ಯೂನಲ್ಲಿ "ಎಷ್ಟು ಪರ್ಸೆಂಟ್ ಆಯ್ತು?" ಅಂತ ಕೇಳಿದ್ರೆ ನಾವು ಎಪ್ಪತ್ತು ಅಂತೀವಿ, ಮೊದಲ ರಿವ್ಯೂಗೂ ಅದೇ, ಎರಡನೇದಕ್ಕೂ ಅದೇ. ಅದರ ಬದಲು ಬೋರ್ಡ್ ತೆರೆಸಿ, "ಯಾವ ಕಾರ್ಡು ಎಲ್ಲಕ್ಕಿಂತ ಹೆಚ್ಚು ದಿನದಿಂದ ಇಲ್ಲೇ ಇದೆ, ಯಾಕೆ?" ಅಂತ ಕೇಳಿ. ನಿಜ ಹೇಳಿದ ತಂಡಕ್ಕೆ ಅಂಕ ಕಡಿಮೆ ಮಾಡಬೇಡಿ. ಅಷ್ಟು ಆದ್ರೆ ರಾತ್ರಿ ಹನ್ನೊಂದು ಗಂಟೆಗೆ ಕಾರ್ಡು ಎಳೆಯೋ ಅಗತ್ಯ ಯಾರಿಗೂ ಬೀಳಲ್ಲ.